ನಲವತ್ತೈದು ನಿಮಿಷ ಮುಂದೆ

ಕಚೇರಿಯಲ್ಲಿ ಆಕೆಗೆ ಇಟ್ಟ ಹೆಸರು ಗಡಿಬಿಡಿಯಮ್ಮ. ಇಟ್ಟವರನ್ನು ದೂರಿ ಪ್ರಯೋಜನವಿಲ್ಲ. ಹಲ್ಲುಜ್ಜುತ್ತಲೇ ಹಾಸಿಗೆ ಮಡಿಸುವ, ಲಿಫ್ಟಿಗೆ ಕಾಯಲಾರದೆ ನಾಲ್ಕು ಮಹಡಿ ಹತ್ತಿಬಿಡುವ ಹೆಂಗಸಿಗೆ ಬೇರೆ ಹೆಸರು ಹೊಂದುವುದೂ ಇಲ್ಲ. ವಯಸ್ಸು ಐವತ್ತೆರಡು. ವೈದ್ಯರು ಎಕ್ಸ್‌ರೇ ನೋಡಿ ಹೇಳಿದ್ದನ್ನು ಇಯರ್‌ಫೋನಿನಲ್ಲಿ ಕೇಳಿ ವರದಿ ಟೈಪ್ ಮಾಡುವುದು ಕೆಲಸ. ಎರಡು ವರ್ಷದಿಂದ ಅದನ್ನು ಮನೆಯಲ್ಲೇ ಕೂತು ಮಾಡುತ್ತಾಳೆ. ಕೂತು ಅನ್ನುವುದು ಮಾತಿಗೆ, ಅಷ್ಟೆ.

ಮನೆಯಲ್ಲೇ ಏಕೆಂದರೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಕ್ಕ ಇದ್ದಾಳೆ. ಪಾರ್ಶ್ವವಾಯು ಬಡಿದು ಅಕ್ಕನ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಒಂದೊಂದೇ ಪದವಾಗಿ, ತಡೆದು ತಡೆದು ಬರುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ತಂಗಿಗೆ ಎಲ್ಲಿಂದ ಬರಬೇಕು? ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಇವಳು ನೀರಿನ ಲೋಟ ಹಿಡಿದು ನಿಂತಿರುತ್ತಾಳೆ.

ಮನೆಯ ಹಳೆಯ ಲಿನಕ್ಸ್ ಕಂಪ್ಯೂಟರಿಗೂ ಕಚೇರಿಗೂ ನಡುವೆ ವಿಪಿಎನ್ ಎಂಬ ಗುಟ್ಟಿನ ದಾರಿಯಿದೆ. ರೋಗಿಗಳ ವಿಷಯ ಹೊರಗೆ ಸೋರಬಾರದೆಂದು ಎಲ್ಲವೂ ಅದರಲ್ಲೇ ಓಡಾಡಬೇಕು. ಅಂದು ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಒಳಗೆ ಇಣುಕಿದರೆ ಮೇಲ್ವಿಚಾರಕಿಯ ಪತ್ರ ಕಾದಿತ್ತು. ನಿಮ್ಮ ವರದಿಗಳ ಮೇಲೆ ಬೀಳುವ ಸಮಯ ಮುಕ್ಕಾಲು ಗಂಟೆ ಮುಂದಿರುವುದು ಈ ಸಲದ ತಪಾಸಣೆಯಲ್ಲಿ ಕಂಡಿದೆ, ಸರಿಪಡಿಸಿ. ಇಂದು ಒಂಬತ್ತಕ್ಕೆ ಸರಿಯಾಗಿ ದಿನದ ವರದಿಗಳ ಪಟ್ಟಿ ತೆಗೆದುಕೊಳ್ಳಿ. ಎರಡರಲ್ಲಿ ಒಂದು ತಪ್ಪಿದರೂ ನಾಳೆಯಿಂದ ಕಚೇರಿಗೇ ಬಂದು ಕೆಲಸ ಮಾಡಬೇಕು. ಅವಳು ಕಚೇರಿಗೆ ಹೋದರೆ ಅಕ್ಕ ಆರೈಕೆ ಕೇಂದ್ರಕ್ಕೆ ಹೋಗಬೇಕು. ನೋಡಿಕೊಳ್ಳಲು ಮನೆಯಲ್ಲಿ ಮೂರನೆಯವರಿಲ್ಲ.

ಪತ್ರ ಮುಗಿಸಿದಳೋ ಇಲ್ಲವೋ, ಕಂಪ್ಯೂಟರಿನ ಗಡಿಯಾರವನ್ನು ಸರಿಯಾದ ಸಮಯಕ್ಕೆ ತಂದು, ಯಂತ್ರವನ್ನೊಮ್ಮೆ ಆರಿಸಿ ಮತ್ತೆ ಹಚ್ಚಿದಳು. ಅಷ್ಟೇ, ವಿಪಿಎನ್ ಸತ್ತುಹೋಯಿತು.

ಆಮೇಲಿನ ಕಾಲು ಗಂಟೆ ಆ ಮನೆಯಲ್ಲಿ ಏನೇನಾಯಿತು ಅಂತ ಹೇಳಿದರೆ ನಿಮಗೂ ಸುಸ್ತಾಗುತ್ತದೆ. ಇಂಟರ್ನೆಟ್ ಇತ್ತು, ಬೇರೆಲ್ಲ ಪುಟಗಳೂ ತೆರೆಯುತ್ತಿದ್ದವು. ಆದರೂ ಕೇಬಲ್ ಕಿತ್ತು ಚುಚ್ಚಿದಳು, ರೌಟರಿನ ಬೆನ್ನಿಗೆ ಎರಡೇಟು ಕೊಟ್ಟಳು. ಚೀಟಿಯಲ್ಲಿ ಬರೆದಿಟ್ಟಿದ್ದ ಆಜ್ಞೆಗಳನ್ನೆಲ್ಲ ಕಪ್ಪು ಪರದೆಯ ಮೇಲೆ ಒಂದಾದಮೇಲೊಂದು ಕುಟ್ಟಿದಳು. ಏನು ಕುಟ್ಟಿದರೂ ಪರದೆಯದು ಒಂದೇ ರಾಗ: ಆ ಕಡೆಯಿಂದ ಉತ್ತರವಿಲ್ಲ, ಐದು ಸೆಕೆಂಡಿಗೆ ಮತ್ತೆ ಪ್ರಯತ್ನ. ಅಡುಗೆಮನೆಗೂ ಮೇಜಿಗೂ ಎಷ್ಟು ಸಲ ಓಡಾಡಿದಳೋ ಲೆಕ್ಕವಿಲ್ಲ. ಕೊನೆಗೆ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದಳು. ನಿವೃತ್ತಿಗೆ ಹತ್ತಿರವಾಗಿದ್ದ ಆ ಮನುಷ್ಯನದು ಅಳೆದು ಸುರಿದು ಮಾತಾಡುವ ಅಭ್ಯಾಸ. ಅವಳ ಹಣೆಬರಹ.

"ಮೇಡಂ, ಕೆಡೋಕೆ ಮುಂಚೆ ಕೊನೇದಾಗಿ ಏನು ಮುಟ್ಟಿದ್ರಿ?"

"ಏನೂ ಮುಟ್ಟಿಲ್ಲ ಸರ್!"

"ಎಲ್ರೂ ಹಾಗೇ ಹೇಳ್ತಾರೆ. ನಿಧಾನಕ್ಕೆ ಯೋಚಿಸಿ."

"ನಿಧಾನ ಎಲ್ಲಿದೆ ಸರ್, ಎಂಟೂ ನಲವತ್ತು ಆಯ್ತು! ಗಡಿಯಾರ ಒಂದು ಸರಿ ಮಾಡ್ದೆ, ಅಷ್ಟೆ. ಮುಕ್ಕಾಲು ಗಂಟೆ ಮುಂದಿತ್ತು."

ಆ ಕಡೆ ಅವರು ಸರ್ವರಿನ ದಾಖಲೆ ತೆರೆದು ನೋಡಿದರು. ಆಮೇಲೆ, "ಸಿಕ್ತು ಬಿಡಿ," ಎಂದರು. "ನೀವು ಬಾಗಿಲು ತಟ್ಟಿದಾಗೆಲ್ಲ ನಿಮ್ಮ ಕಂಪ್ಯೂಟರು ಸಮಯಾನೂ ಹೇಳುತ್ತೆ. ಬೆಳಿಗ್ಗೆ ಒಂಬತ್ತೂ ಏಳು ಅಂತ ಹೇಳಿ ಒಳಗೆ ಬಂದಿದ್ರಿ. ಈಗ ಎಂಟೂ ನಲವತ್ತು ಅಂತೀರಿ. ಹಳೇ ಮಾತನ್ನ ಯಾರೋ ಕಳ್ಳ ಕದ್ದು ಮತ್ತೆ ಹೇಳ್ತಿದಾನೆ ಅಂತ ನಮ್ಮ ಸರ್ವರ್ ಬಾಗಿಲು ತೆಗೀತಿಲ್ಲ. ಒಂಬತ್ತೂ ಏಳು ದಾಟಿದ್ರೆ ತಾನೇ ತೆಗೆಯುತ್ತೆ. ಸುಮ್ನೆ ಕೂತಿರಿ."

ಸುಮ್ಮನೆ ಕೂರುವುದೇ! ಅದೂ ಒಂಬತ್ತಕ್ಕೆ ಪಟ್ಟಿ ಬೇರೆಯವರ ಪಾಲಾಗುವಾಗ! ಗಡಿಯಾರವನ್ನು ಮತ್ತೆ ಮುಂದಕ್ಕಿಟ್ಟರೆ ಈ ಕ್ಷಣವೇ ಒಳಗೆ ಹೋಗಬಹುದು, ಆದರೆ ವರದಿಯ ಮೇಲೆ ಮತ್ತೆ ಸುಳ್ಳು ಸಮಯ. ಅವಳಿಗೆ ಅಳು ನುಗ್ಗಿ ಬಂತು.

"ಬೇರೆ ದಾರೀನೇ ಇಲ್ವಾ ಸರ್?"

"ಇದೆ. ನಿಮ್ಮ ಹೆಸರು ಅಳಿಸಿ ಹೊಸದಾಗಿ ಸೇರಿಸಿದ್ರೆ ಹಳೇ ಸಮಯ ಸರ್ವರಿಗೆ ಮರೆತುಹೋಗುತ್ತೆ. ಆದ್ರೆ ನಾನು ಕಾರಣ ಬರೀಬೇಕು. ಗಡಿಯಾರ ಯಾಕೆ ಮುಂದಿತ್ತು?"

"ಒಳಗಿನ ಬ್ಯಾಟರಿ ಹೋಗಿತ್ತು ಅಂತ ಬರ್ಕೊಳ್ಳಿ."

"ಬ್ಯಾಟರಿ ಹೋದ್ರೆ ಗಡಿಯಾರ ಹಿಂದೆ ಬೀಳುತ್ತೆ ಮೇಡಂ, ಮುಂದೆ ಓಡಲ್ಲ. ಮೇಲಿನವರು ಪರೀಕ್ಷೆ ಮಾಡ್ತಾರೆ, ನಾನು ಸುಳ್ಳು ಬರೆಯಲ್ಲ. ಯಾರೋ ಬೇಕಂತಲೇ ಇಟ್ಟಿದಾರೆ."

ಗಡಿಬಿಡಿಯಮ್ಮನ ಕಾಲು ಮೊದಲ ಬಾರಿಗೆ ನಿಂತಿತು. ಈ ಮಾತನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಆದರೆ ಎಂಟೂ ನಲವತ್ತೆಂಟಾಗಿತ್ತು, ಮುಚ್ಚಿಟ್ಟುಕೊಂಡು ಕೂರಲು ಹೊತ್ತಿರಲಿಲ್ಲ.

"ನಾನೇ ಇಟ್ಟಿದ್ದು ಸರ್. ಎರಡು ವರ್ಷದ ಹಿಂದೆ ಲಕ್ವ ಹೊಡೆದಾಗ ಅಕ್ಕ ಒಬ್ಳೇ ಇದ್ಲು. ಕೈ ಜೋಮು ಹಿಡಿದಿದೆ, ಬಾ ಅಂತ ಫೋನ್ ಮಾಡಿದ್ಲು. ಕೈಲಿದ್ದ ಒಂದು ವರದಿ ಮುಗಿಸಿ ಹೊರಟೆ. ಬಸ್ಸು ಸಿಗಲಿಲ್ಲ. ಹೋಗಿ ತಲುಪೋಕೆ ನಲವತ್ತೈದು ನಿಮಿಷ ಆಯ್ತು. ಬೇಗ ಕರ್ಕೊಂಡು ಬಂದಿದ್ರೆ ಕೈಕಾಲು ಉಳೀತಿತ್ತು ಅಂದ್ರು ಡಾಕ್ಟರು. ಅವತ್ತಿಂದ ಮನೇಲಿರೋ ಎಲ್ಲಾ ಗಡಿಯಾರಾನೂ ಅಷ್ಟೇ ಮುಂದೆ ಇಟ್ಟಿದೀನಿ. ಏನು ಬೇಕಾದ್ರೂ ಬರ್ಕೊಳ್ಳಿ."

ಕೀಲಿಮಣೆಯ ಸದ್ದು ಕೇಳಿಸಿತು. "ಸಮಯ ತಪ್ಪಾಗಿತ್ತು, ಈಗ ಸರಿಯಾಗಿದೆ ಅಂತ ಬರೆದಿದೀನಿ. ಇಷ್ಟು ಸಾಕು. ನೋಡಿ ಈಗ," ಎಂದು ಅವರು ಫೋನ್ ಇಟ್ಟರು.

ದಾರಿ ತೆರೆಯಿತು. ಒಂಬತ್ತಾಗುತ್ತಿದ್ದಂತೆ ಪಟ್ಟಿ ಬಂದು ಪರದೆಯ ಮೇಲೆ ಕೂತಿತು, ಹದಿನೇಳು ವರದಿ. ಅವಳು ಉಸಿರು ಬಿಟ್ಟು ಇಯರ್‌ಫೋನ್ ಎತ್ತಿಕೊಂಡಳು. ಕಿಟಕಿಯ ಕಡೆಯಿಂದ ಅಕ್ಕ ಎಡಗೈಯಲ್ಲಿ ಕುರ್ಚಿ ಬಡಿದಳು.

"ನೀರು ತಾನೆ? ಬಂದೆ."

ಅಕ್ಕ ಇನ್ನೂ ಜೋರಾಗಿ ಬಡಿದಳು. ಮುಖ ಕೆಂಪಾಗಿತ್ತು. ತಂಗಿ ಹೋಗಿ ಎದುರಿಗೆ ನೆಲದ ಮೇಲೆ ಕೂತಳು. ಅಕ್ಕನ ಮುಖ ಕಂಡಮೇಲೆ ನಿಂತಿರಲು ಧೈರ್ಯ ಬರಲಿಲ್ಲ.

"ಜೋಮು..." ಎಂದಳು ಅಕ್ಕ. ತಂಗಿ ತುಟಿ ಕಚ್ಚಿಕೊಂಡು ಕಾದಳು. "ಅವತ್ತು... ಬೆಳಿಗ್ಗೆ... ಏಳುವಾಗ್ಲೇ... ಇತ್ತು. ಹೋಗುತ್ತೆ ಅಂತ... ಬಟ್ಟೆ ಒಗೆದೆ. ನಿನಗೆ ಫೋನ್ ಮಾಡಿದ್ದು... ಮಧ್ಯಾಹ್ನ. ತಡ ಮಾಡಿದ್ದು... ನಾನು."

ತಂಗಿಗೆ ಮೊದಲು ಬಂದದ್ದು ಕೋಪ. "ಎರಡು ವರ್ಷ! ಎರಡು ವರ್ಷದಲ್ಲಿ ಒಂದ್ಸಲ ಹೇಳೋಕೆ ಏನಾಗಿತ್ತು ನಿನಗೆ?"

ಅಕ್ಕ ಎಡಗೈ ಚಾಚಿ ಅವಳ ತಲೆಯ ಮೇಲಿಟ್ಟಳು.

"ನೀನು... ಯಾವತ್ತು ಕೂತಿದ್ದೆ?"