ದುರುಗಮ್ಮ ಕರೆದು ತಂದವರು

ದುರುಗಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳೇ ಅಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದಲ್ಲಿ ನಿಂತವರ ಮುಖ ನೋಡುವಳು. ಅವರು ಹೇಳಿ ಪುಣ್ಯ ಕಟ್ಟಿಕೊಳ್ಳುವರು. ಕುರಿಗೆ ಚುಚ್ಚುವ ಡಾಕ್ಟರು ಹೊಸಬರಾಗಿದ್ದರೆ ಕಿವಿಯ ಓಲೆ ಮುಟ್ಟಿ ತೋರಿಸಿ, "ಇದು ಯಾತರದ್ದು ಹೇಳ್ರಿ, ಅದೇ ಅವರ ಹೆಸ್ರು" ಎನ್ನುವಳು. ಬಂಗಾರಪ್ಪನನ್ನು ಅವಳು ಕರೆಯುತ್ತಿದ್ದುದು "ಇವ್ರೇ" ಎಂದು. ಸಿಟ್ಟು ಬಂದಾಗ, "ಏನ್ರಿ, ಕಿವಿ ಮನಿಯಾಗ ಬಿಟ್ಟು ಬಂದೀರೇನು?" ಎಂದು. ಹೆಸರು ಹಿಡಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಪಾಲಿಸಿದ್ದಕ್ಕೆ ಆಯುಸ್ಸೇನೂ ಹೆಚ್ಚಾಗಲಿಲ್ಲ, ಆ ಮಾತು ಬೇರೆ.

ಕುರಿಗಳ ವಿಷಯದಲ್ಲಿ ಮಾತ್ರ ಅವಳು ತದ್ವಿರುದ್ಧ. ಶಿಕಾರಿಪುರದ ಆಚೆ, ಅಂಜನಾಪುರ ಕೆರೆಯ ಮಗ್ಗುಲಿನ ಊರು ಅವರದು. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಮಂದೆ ಹೊಡೆದುಕೊಂಡು ಸೊರಬದ ಕಡೆ ಹೊರಡುವರು. ಕುಪ್ಪಗಡ್ಡೆ, ಉಳವಿ ಕಡೆಯವರು ಗೊಬ್ಬರಕ್ಕೆಂದು ತಮ್ಮ ಗದ್ದೆಗಳಲ್ಲಿ ಕುರಿ ಮಲಗಿಸಿಕೊಳ್ಳುವರು. ಮಂದೆಯ ಒಂದೊಂದು ಕುರಿಗೂ ದುರುಗಮ್ಮ ಹೆಸರಿಟ್ಟಿದ್ದಳು: ಚಿಕ್ಕಿ, ಬೋಳಿ, ಕರೆಮೂತಿ, ಮಳ್ಳಿ. ಸೊಸೆ ಮಧುಶ್ರೀ ಹೊಸದಾಗಿ ಬಂದಾಗ ಸುಮ್ಮನೆ "ಬಾ, ಬಾ" ಎಂದು ಕರೆದು, ಚಿಕ್ಕಿಯ ಬದಲು ಹಾಯುವ ಟಗರನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. "ಮಂದಿಯೊಳಗ ನಿಂತು ಬರೇ ಬಾ ಅಂದ್ರ ಯಾವುದು ಬೇಕಾದ್ರೂ ಬರತೈತಿ. ಹೆಸರು ಹಿಡಿದು ಕರಿ" ಎಂದು ದುರುಗಮ್ಮ ಹೊಟ್ಟೆ ಹಿಡಿದು ನಕ್ಕಿದ್ದಳು.

ಬಂಗಾರಪ್ಪ ಸತ್ತದ್ದು ಶಿವಮೊಗ್ಗದಲ್ಲಿ, ರೈಲ್ವೆ ಸ್ಟೇಷನ್ ಹತ್ತಿರದ ಪಬ್ಬಿನಲ್ಲಿ. ಕಣ್ಣು ತೋರಿಸಲು ಮಗ ನವೀನನ ಜೊತೆ ಹೋಗಿದ್ದ. ತವರಿಗೆ ಹೋಗಿದ್ದ ಮಧುಶ್ರೀ ಅದೇ ದಿನ ರೈಲಿನಲ್ಲಿ ಬರುವವಳಿದ್ದಳು. ರೈಲು ತಡ ಎಂದು ಗೊತ್ತಾಗಿ, ಬಿಸಿಲಲ್ಲಿ ಅಪ್ಪನನ್ನು ಯಾಕೆ ಕಾಯಿಸುವುದೆಂದು ನವೀನ ಅವನನ್ನು ತಂಪಾಗಿದ್ದ 'ಬ್ಲೂ ಕಂದೀಲು' ಎಂಬ ಜಾಗದಲ್ಲಿ ಕೂರಿಸಿ, ಒಂದು ಬಿಯರು ಹೇಳಿ, ಪ್ಲಾಟ್‌ಫಾರ್ಮಿಗೆ ಹೋದ. ಹೆಂಡತಿಯ ಬ್ಯಾಗು ಹೊತ್ತು ಮರಳಿದಾಗ ಅಪ್ಪ ಕಂಬಳಿ ಹೊದ್ದು ಟೇಬಲ್ಲಿನ ಮೇಲೆ ತಲೆಯಿಟ್ಟಿದ್ದ. ನಿದ್ದೆ ಹೋಗಿದ್ದಾರೆ ಎಂದುಕೊಂಡು ಅಲ್ಲಿನ ಮ್ಯಾನೇಜರು ಮಹಾಂತೇಶ್, ಆ ಮೂಲೆಯ ದೀಪವನ್ನೂ ಆರಿಸಿದ್ದನಂತೆ. ಸುತ್ತ ಹಾಡು, ನಗು, ಬಾಟಲಿಯ ಸದ್ದು. ಅಷ್ಟು ಜನರ ನಡುವೆ ಒಬ್ಬ ಮನುಷ್ಯ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಮೂರನೆಯ ದಿನದ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಬಾಳೆಲೆಯ ಮೇಲೆ ಜೋಳದ ರೊಟ್ಟಿ, ಮಾಂಸದ ಸಾರು, ಅನ್ನ, ಬೀಡಿ ಎಲ್ಲ ಇತ್ತು. ಕಾಗೆಗಳು ಬಂದು ಬೇಲಿಯ ಮೇಲೆ ಕೂತವು, ನೋಡಿದವು, ಹಾರಿಹೋದವು. ಮುಂದಿನ ಎಡೆಗೂ ಹಾಗೇ ಆಯಿತು. ಬಂಗಾರಪ್ಪನ ಅಣ್ಣ ಜಯಪ್ಪ ತಲೆಯಾಡಿಸಿ, "ಅವನು ಇನ್ನೂ ಊರು ಸೇರಿಲ್ಲವ್ವ. ಅಲ್ಲೇ ಕುಂತಾನ. ಹೋಗಿ ಕರಕೊಂಡು ಬಾ" ಎಂದ.

ಹೊರಗೆ ಸತ್ತವರನ್ನು ಮನೆಗೆ ಕರೆತರುವ ಪದ್ಧತಿ ಅವರ ಮನೆತನದಲ್ಲಿ ಹಿಂದಿನಿಂದ ಇತ್ತು. ಹೆಂಡತಿಯೋ ಮಗನೋ ಸತ್ತವರ ಕಂಬಳಿ ಹಿಡಿದು ಅಲ್ಲಿಗೆ ಹೋಗಬೇಕು. ಅಲ್ಲಿಯ ಚಿಟಿಕೆ ಮಣ್ಣನ್ನು ಕಂಬಳಿಯ ಸೆರಗಿಗೆ ಗಂಟು ಹಾಕಿ ಕರೆದು ತರಬೇಕು. ಮನೆ ಮುಟ್ಟುವ ತನಕ ತಿರುಗಿ ನೋಡಬಾರದು, ಮಾತಾಡಬಾರದು. ಹೊಸ್ತಿಲಲ್ಲಿ ಒಳಗಿನವರು "ಯಾರು ಬಂದ್ರು?" ಎಂದು ಕೇಳಿದರೆ "ಮನಿಯವರು ಬಂದ್ರು" ಎಂದು ಹೇಳಿ ಒಳಗೆ ಕಾಲಿಡಬೇಕು. ಅಷ್ಟು ಜನರೆದುರು ಹಾಗೆ ಕರೆಯಲು ತನ್ನಿಂದಾಗದು ಎಂದು ನವೀನ ಕಣ್ಣೀರು ಹಾಕಿದ. ದುರುಗಮ್ಮ ಕಂಬಳಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಪಬ್ಬಿನ ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಕಾಲಿಟ್ಟರೆ ಹೊತ್ತು ಮುಳುಗಿದಂತೆ ನೀಲಿ ಬೆಳಕು, ಒಂದು ಕಿಟಕಿಯಿಲ್ಲ. ಹುಬ್ಬಳ್ಳಿಯಲ್ಲೂ ದಾವಣಗೆರೆಯಲ್ಲೂ ಈ ಹೆಸರಿನ ಪಬ್ಬುಗಳಿವೆಯಂತೆ. ಎಲ್ಲ ಕಡೆ ಇದೇ ಬೆಳಕು, ಇದೇ ಕುರ್ಚಿ, ಇದೇ ಹಾಡು. ಟೇಬಲ್ಲುಗಳೆಲ್ಲ ಭರ್ತಿ. ರೈಲಿಗೆ ಕಾಯುವವರು, ರೈಲು ತಪ್ಪಿಸಿಕೊಂಡವರು, ಕಾಲೇಜಿನ ಹುಡುಗರು. ಕಂಬಳಿ ಹೊತ್ತ ಹೆಂಗಸನ್ನು ಕಂಡು ಒಂದಿಬ್ಬರು ನಕ್ಕರು. ಮಹಾಂತೇಶ್ ಮಾತ್ರ ಆ ಕಂಬಳಿಯ ಗುರುತು ಹಿಡಿದು ಎದ್ದು ಬಂದ. ಮೂಲೆಯ ಟೇಬಲ್ ತೋರಿಸಿ, ದನಿ ತಗ್ಗಿಸಿ ಹೇಳಿದ:

"ಅಲ್ಲಿ ಯಾರೂ ಕೂರಲ್ಲಮ್ಮ. ಕೂತೋರು ಐದು ನಿಮಿಷಕ್ಕೆ ಎದ್ದು ಬೇರೆ ಟೇಬಲ್ ಕೇಳ್ತಾರೆ. ಯಾಕೆ ಅಂದ್ರೆ, ಆಗಲೇ ಯಾರೋ ಕೂತಂಗಿದೆ ಅಂತಾರೆ."

ಮಣ್ಣಿಗಾಗಿ ಅವಳು ಸುತ್ತ ನೋಡಿದಳು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕುಂಡಕ್ಕೆ ಕೈಹಾಕಿದರೆ ಗಿಡ ಪ್ಲಾಸ್ಟಿಕ್ಕು, ಮಣ್ಣಿನ ಜಾಗದಲ್ಲಿ ಬಿಳಿ ಕಲ್ಲು. ಕೊನೆಗೆ ಎಲ್ಲರೂ ಚಪ್ಪಲಿ ಒರೆಸುವ ಬಾಗಿಲ ಮ್ಯಾಟಿನಿಂದ ಒಂದಿಷ್ಟು ಧೂಳು ಕೆರೆದು ಗಂಟು ಹಾಕಿ, ಮೂಲೆಯ ಖಾಲಿ ಕುರ್ಚಿಯ ಕಡೆ ಮುಖ ಮಾಡಿ ಕರೆದಳು.

"ಇವ್ರೇ, ಏಳ್ರಿ. ಮನಿಗೆ ಹೋಗಾಣ ಬರ್ರಿ."

ಆಗ ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನ. ಅವಳ ದನಿ ಇಡೀ ಹಾಲಿಗೆ ಕೇಳಿಸಿತು. ಎಲ್ಲೋ ಒಂದು ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಸದ್ದು ಬಂದದ್ದು ಮೂಲೆಯಿಂದಲ್ಲ, ಬಾಗಿಲ ಕಡೆಯಿಂದ. ಹೆಗಲ ಮೇಲಿನ ಕಂಬಳಿ ಒದ್ದೆಯಾದಂತೆ ಭಾರವಾಯಿತು. ಬಂದರು ಎಂದುಕೊಂಡು ಅವಳು ತಿರುಗಿ ನೋಡದೆ ಹೊರಟಳು. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲಿಟ್ಟ ಕಂಬಳಿಯನ್ನು ಸರಿಸಿ ಕೂತವನೊಬ್ಬ ಕೂತಷ್ಟೇ ಬೇಗ ಎದ್ದು, "ಸೀಟು ಹಿಮ ಆಗಿದೆಯಲ್ರೀ" ಎನ್ನುತ್ತ ಶಿಕಾರಿಪುರದವರೆಗೂ ನಿಂತೇ ಬಂದ. ಹೊಸ್ತಿಲಲ್ಲಿ ಜಯಪ್ಪ ಕೇಳಿದ, "ಯಾರು ಬಂದ್ರು?"

"ಮನಿಯವರು ಬಂದ್ರು" ಎಂದು ಅವಳು ಒಳಗೆ ಕಾಲಿಟ್ಟಳು. ಅಂಗಳದಲ್ಲಿ ಮಲಗಿದ್ದ ನಾಯಿ ಕೆಂಚ ಎದ್ದು ನಿಂತು ಗುರ್ರೆಂದಿತು.

ಮರುದಿನ ಕಾಗೆ ಬಂತು. ಎಲೆಯ ಮೇಲಿಂದ ಅನ್ನದ ಉಂಡೆ ಮಾತ್ರ ಎತ್ತಿಕೊಂಡು ಹೋಯಿತು. ರೊಟ್ಟಿ ಹಾಗೇ ಉಳಿಯಿತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರೂ ದುರುಗಮ್ಮ ಆ ರೊಟ್ಟಿಯನ್ನೇ ನೋಡುತ್ತ ನಿಂತಳು. ಬಂಗಾರಪ್ಪ ಅನ್ನ ಕಂಡರೆ ಮೂಗು ಮುರಿಯುವವ. ರೊಟ್ಟಿಯಿಲ್ಲದ ಊಟ ಅವನ ಲೆಕ್ಕದಲ್ಲಿ ಊಟವೇ ಅಲ್ಲ. ಗೂಟಕ್ಕೆ ನೇತುಹಾಕಿದ್ದ ಕಂಬಳಿ ಬೆಳಗ್ಗೆ ನೋಡಿದರೆ ಅಂಚಿಗೆ ಅಂಚು ಕೂಡಿಸಿ ಅಚ್ಚುಕಟ್ಟಾಗಿ ಮಡಚಿಕೊಂಡಿರುತ್ತಿತ್ತು. ಬಂಗಾರಪ್ಪ ಹುಟ್ಟಿದಾಗಿನಿಂದ ಒಂದು ಟವೆಲ್ಲು ಮಡಚಿದವನಲ್ಲ. ಆಮೇಲೆ ನಡುಮನೆಯ ಕಂಬದ ಮೇಲೆ ಸುಣ್ಣದ ಗುರುತು ಕಾಣಿಸಿತು, ಎಲೆ ಅಡಿಕೆ ಹಾಕುವವರು ಬೆರಳಿಗೆ ಮಿಕ್ಕಿದ ಸುಣ್ಣ ಒರೆಸುತ್ತಾರಲ್ಲ, ಹಾಗೆ. ಆ ಮನೆಯಲ್ಲಿ ಎಲೆ ಅಡಿಕೆ ಮುಟ್ಟುವವರೇ ಇರಲಿಲ್ಲ. ಮಧುಶ್ರೀ ಒರೆಸಿದಳು. ಮರುದಿನ ಅದೇ ಎತ್ತರದಲ್ಲಿ ಹಸಿ ಸುಣ್ಣ ಇನ್ನೊಂದು ಗೀಟಾಗಿ ಕೂತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ದುರುಗಮ್ಮ ಕಂಬದ ಮುಂದೆ ನಿಂತು ಕೇಳಿಯೇಬಿಟ್ಟಳು. "ಇವ್ರೇ, ನೀವೇ ಏನ್ರಿ?"

ಕತ್ತಲ ಮೂಲೆಯಿಂದ ಸಣ್ಣಗೆ ಒಂದು ಕೆಮ್ಮು ಕೇಳಿಸಿತು. ಪರರ ಮನೆಗೆ ಬಂದ ಗಂಡಸು, ಒಳಗೆ ಹೆಂಗಸರಿದ್ದಾರೆಂದು ತಿಳಿದು, ತಾನಿದ್ದೇನೆಂದು ಮರ್ಯಾದೆಗೆ ಕೆಮ್ಮುತ್ತಾನಲ್ಲ, ಅಂಥ ಕೆಮ್ಮು. ದುರುಗಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮಂದೆಯೊಳಗೆ ನಿಂತು ಬರೇ ಬಾ ಎಂದಿದ್ದಳು. ಯಾರದೋ ಗಂಡ ಎದ್ದು ಬಂದಿದ್ದ. ಅವಳ ಗಂಡ ಇನ್ನೂ ಆ ನೀಲಿ ಬೆಳಕಿನಲ್ಲಿ, ದೀಪ ಆರಿಸಿದ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಇದನ್ನು ನೆನೆದು ಅವಳು ಅತ್ತಳು.

ಬೆಳಗಾದದ್ದೇ ಕಂಬಳಿ ಹೊತ್ತು ಮತ್ತೆ ಶಿವಮೊಗ್ಗಕ್ಕೆ ಹೋದಳು. ಪಬ್ಬು ಅವತ್ತೂ ಗಿಜಿಗುಡುತ್ತಿತ್ತು. ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಅವಳ ವಯಸ್ಸಿನದೇ ಒಬ್ಬ ಹೆಂಗಸು ಮುಂದೆ ನಿಂಬೆ ಸೋಡಾ ಇಟ್ಟುಕೊಂಡು, ಎದುರಿನ ಖಾಲಿ ಕುರ್ಚಿ ನೋಡುತ್ತ ಬಿಕ್ಕುತ್ತಿದ್ದಳು. ದುರುಗಮ್ಮನಿಗೆ ದಾಟಿ ಹೋಗಲಾಗಲಿಲ್ಲ. ಏನಾಯ್ತೆಂದು ಕೇಳಿದಳು. ಅವಳು ಸೊರಬದ ಉಳವಿಯ ರಾಧಮ್ಮ. ಗದ್ದೆ ಮಾಡಿಕೊಂಡಿದ್ದ ಅವಳ ಯಜಮಾನರು ಹೋದ ವರ್ಷ ತಾಳಗುಪ್ಪದ ರೈಲಿಗೆ ಹೊತ್ತಿದೆಯೆಂದು ಇಲ್ಲಿಗೆ ಬಂದು, ಎದ್ದು ಹೊರಡುವಾಗ ಬಾಗಿಲಲ್ಲೇ ಕುಸಿದು ತೀರಿಕೊಂಡಿದ್ದರು.

"ಮಗಳ ಮನೆ ಇಲ್ಲೇ ಮಾರಾಯ್ತಿ, ಶಿವಮೊಗ್ಗದಾಗೆ. ಬಂದಾಗೆಲ್ಲ ಇಲ್ಲಿ ಬಂದು ಕೂರ್ತಿದ್ದೆ. ಎದುರಿಗೆ ಅದಾರೆ ಅಂತ ಗೊತ್ತಾಗ್ತಿತ್ತು. ವರ್ಷದ ಕಾರ್ಯಕ್ಕೆ ಕರ್ಕಂಡು ಹೋಗಿ ಹಿರೇರ ಜೊತೆ ಸೇರ್ಸಾಣ ಅಂತಿದ್ದೆ. ಈಗ ಕುರ್ಚಿ ಖಾಲಿ. ನನ್ನ ಬಿಟ್ಟು ಎಲ್ಲಿಗೋ ಎದ್ದು ಹೋಗ್ಯಾರೆ."

"ಎಲಿ ಅಡಿಕಿ ಹಾಕತಿದ್ರಾ?" ದುರುಗಮ್ಮ ಕೇಳಿದಳು.

"ಹೂಂ ಕಣೆ. ಕಂಬಕ್ಕೆಲ್ಲ ಸುಣ್ಣ ಒರ್ಸಿ ಒರ್ಸಿ ನನ್ನ ಹತ್ರ ಬೈಸ್ಕಳರು. ಉಳಿದಿದ್ರಲ್ಲಿ ಬಾಳ ನೇಮದೋರು, ಹೊದ್ದ ಬಟ್ಟೆ ಮಡಚದೆ ಏಳ್ತಿರ್ಲಿಲ್ಲ."

ದುರುಗಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ತಪ್ಪಾತವ್ವ. ನಿಮ್ಮವರು ನಮ್ಮನಿಯಾಗ ಅದಾರ. ನಾನೇ ಕರಕೊಂಡು ಹೋಗೀನಿ."

ರಾಧಮ್ಮ ಮೊದಲು ಕೈ ಕೊಸರಿಕೊಂಡಳು. ಬೈಯಲು ಬಾಯಿ ತೆರೆದಳು. ಆಮೇಲೆ ಆ ಕಂಬಳಿಯನ್ನೂ ಅದನ್ನು ಹೊತ್ತವಳ ಮುಖವನ್ನೂ ನೋಡಿ, ಏನಾಯಿತು ಹೇಳೆಂದಳು. ಎಲ್ಲ ಕೇಳಿ, ದುರುಗಮ್ಮ ಮುಟ್ಟಿ ತೋರಿಸಿದ ಓಲೆಯಿಂದ ಹೆಸರನ್ನೂ ತಿಳಿದ ಮೇಲೆ, "ನೀನು ಹೆಸರು ಹಿಡಿಯಂಗಿಲ್ಲ, ನಂಗೇನು ಅಡ್ಡಿ? ನಾನೇ ಕರೀತೀನಿ ತಡಿ" ಎಂದು ಮೂಲೆಗೆ ಹೋಗಿ ಕರೆದಳು. "ಬಂಗಾರಪ್ಪೋರೇ, ಮನೆಗೆ ಹೋಗ್ಬೇಕಂತೆ, ಬನ್ನಿ."

ಏನೂ ಆಗಲಿಲ್ಲ. ಬಂಗಾರಪ್ಪ ಕಂಡವರು ಕರೆದರೆ ಎದ್ದು ಹೋಗುವ ಪೈಕಿ ಯಾವತ್ತೂ ಅಲ್ಲ. ಸ್ವಂತ ಅಣ್ಣ ಕರೆದರೂ ಮೂರು ಸಲ ಯಾಕೆ ಎಂದು ಕೇಳುವವ. ಹಿಂದಿನ ಟೇಬಲ್ಲಿನ ಹುಡುಗರು ಮೊಬೈಲು ಎತ್ತಿ ಹಿಡಿದಿದ್ದರು. ಮಹಾಂತೇಶ್ ಹೋಗಿ ಹಾಡು ನಿಲ್ಲಿಸಿದ. ಅಷ್ಟು ವರ್ಷ ದುರುಗಮ್ಮನ ಗಂಟಲಲ್ಲೇ ಕೂತಿದ್ದ ಹೆಸರು ಎದ್ದು ಬರಲು ಹೆದರಿತು. ಇನ್ನು ಕಡಿಮೆಯಾಗುವುದಕ್ಕೆ ಅವನಿಗೆ ಆಯುಸ್ಸೆಲ್ಲಿದೆ ಎಂದುಕೊಂಡು ಅವಳು ಬಾಯಿ ತೆರೆದಳು.

"ಬಂಗಾರಪ್ಪಾ."

ಮೂಲೆಯ ಕುರ್ಚಿ ತಾನಾಗಿ ಹಿಂದಕ್ಕೆ ಸರಿಯಿತು. ಯಾರೂ ಹಚ್ಚದಿದ್ದರೂ ಆ ಮೂಲೆಯ ದೀಪ ಹೊತ್ತಿಕೊಂಡಿತು. ಅವಳ ಹೆಗಲ ಮೇಲೆ ಕಂಬಳಿ ಮೆಲ್ಲಗೆ ಬೆಚ್ಚಗಾಯಿತು. ಕುರಿವಾಸನೆ, ಬೀಡಿವಾಸನೆ ಮೂಗಿಗೆ ಬಂದವು. ಹಳೆಯ ಗಂಟು ಬಿಚ್ಚಿ, ಆ ಕುರ್ಚಿಯಡಿಯ ಚಿಟಿಕೆ ಧೂಳು ಕಟ್ಟಿಕೊಂಡು ಅವಳು ಹೊರಟಳು, ರಾಧಮ್ಮ ಹಿಂದೆಯೇ ಬಂದಳು. ಬಾಗಿಲು ದಾಟುವಾಗ ಬೆನ್ನ ಹಿಂದೆ ಮತ್ತೆ ಕುರ್ಚಿಗಳು ನೆಲಕ್ಕೆ ಉಜ್ಜುವ ಸದ್ದು, ಒಂದಲ್ಲ, ಸಾಲಾಗಿ ಹಲವು. ತಮ್ಮನ್ನೂ ಯಾರಾದರೂ ಕರೆಯಬಹುದೆಂದು ಎದ್ದು ನಿಂತವರ ಸದ್ದು. ದುರುಗಮ್ಮ ಹಲ್ಲು ಕಚ್ಚಿ, ತಿರುಗಿ ನೋಡದೆ ಮೆಟ್ಟಿಲಿಳಿದಳು.

ಬಸ್ಸಿನಲ್ಲಿ ಇಬ್ಬರು ಹೆಂಗಸರೂ ಒಂದು ಮಾತಾಡದೆ ಅಕ್ಕಪಕ್ಕ ಕೂತು ಬಂದರು. ಅಂಗಳಕ್ಕೆ ಕಾಲಿಟ್ಟಾಗ ಕೆಂಚ ಓಡಿಬಂದು, ದುರುಗಮ್ಮನನ್ನು ಬಿಟ್ಟು ಅವಳ ಪಕ್ಕದ ಖಾಲಿ ಜಾಗದ ಸುತ್ತ ಬಾಲ ಅಲ್ಲಾಡಿಸುತ್ತ ಕುಣಿಯಿತು. ಜಯಪ್ಪ ಒಳಗಿನಿಂದ ಕೇಳಿದ, "ಯಾರು ಬಂದ್ರು?"

"ಬಂಗಾರಪ್ಪ ಬಂದಾನ."

ಜಯಪ್ಪನ ಕೈಯ ನೀರಿನ ತಂಬಿಗೆ ಬಿತ್ತು. ರಾಧಮ್ಮ ಅವನನ್ನು ದಾಟಿಕೊಂಡು ನೇರ ಕಂಬದ ಹತ್ತಿರ ಹೋದಳು. ಹಸಿ ಸುಣ್ಣದ ಮೇಲೆ ಬೆರಳಿಟ್ಟಳು. ಗಂಡನ ಹೆಸರು ಹೇಳಲು ಅವಳಿಗೂ ಹೊತ್ತು ಹಿಡಿಯಿತು. "ಆನಂದಪ್ಪಾ, ಇದು ನಮ್ಮನೆ ಅಲ್ಲ. ಎಷ್ಟು ದಿನ ಅಂತ ಬೇರೆಯೋರ ಮನೇಲಿ ಕೂರ್ತೀರಿ? ಏಳ್ರಿ." ಮೂಲೆಯಲ್ಲಿ ಅದೇ ಮರ್ಯಾದೆಯ ಕೆಮ್ಮು ಕೇಳಿಸಿತು. ಅವಳು ಹೊಸ್ತಿಲಿನ ಚಿಟಿಕೆ ಮಣ್ಣನ್ನು ಸೆರಗಿಗೆ ಕಟ್ಟಿಕೊಂಡು, ಯಾರಿಗೂ ಹೇಳದೆ, ತಿರುಗಿ ನೋಡದೆ ಸೊರಬದ ಬಸ್ಸಿಗೆ ಹೋದಳು. ಮಧುಶ್ರೀ ಕಂಬ ಒರೆಸಲು ಬಟ್ಟೆ ತಂದಳು. ದುರುಗಮ್ಮ ಬೇಡವೆಂದಳು.

ಮರುದಿನ ಎಡೆ ಇಟ್ಟಾಗ ಕಾಗೆಗಳು ಬೇಲಿಯ ಮೇಲೆ ಬಂದು ಕೂತವು. ಅಲ್ಲಾಡಲಿಲ್ಲ. ನವೀನನ ಮುಖ ಸಣ್ಣದಾಯಿತು. ದುರುಗಮ್ಮ ಎದ್ದು ನಿಂತು, ಕೆರೆಯಾಚೆ ಮೇಯುವ ಕುರಿಗೂ ಕೇಳುವ ಹಾಗೆ ಕೂಗಿದಳು.

"ಬಂಗಾರಪ್ಪಾ, ರೊಟ್ಟಿ ಆರತೈತಿ, ಬಾ!"

ಒಂದು ಕಾಗೆ ಇಳಿದು ಬಂದು, ಅನ್ನವನ್ನು ಕಾಲಿನಿಂದ ಬದಿಗೆ ಸರಿಸಿ, ರೊಟ್ಟಿಯ ಅಂಚು ಮುರಿದುಕೊಂಡಿತು. ಜಯಪ್ಪ ಕಿವಿ ಮುಚ್ಚಿಕೊಂಡ.

"ಏನವ್ವ ಇದು, ಗಂಡನ್ನ ಹೆಸರು ಹಿಡಿದು, ಅದೂ ಏಕವಚನದಾಗ!"

"ಮದಲ ಕರೆದಿದ್ರ ಮದಲ ಬರತಿದ್ದ ಭಾವಾ" ಎಂದಳು ದುರುಗಮ್ಮ. "ನಾ ಕರೀಲಿಲ್ಲ ಅಂತನ ಇಷ್ಟು ದಿನ ಅಲ್ಲಿ ಕುಂತಿದ್ದ."