ನಾಲ್ಕನೆಯ ಬ್ಯಾಗು

ಮಲ್ಲಂದೂರಿನ ಸಾವಿತ್ರಮ್ಮ ಕಂಡ ದೂರದ ಊರುಗಳೆಂದರೆ ಹೊರನಾಡು ಮತ್ತು ಧರ್ಮಸ್ಥಳ. ಬಸ್ಸು ಹತ್ತಿದರೆ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂರುವ ಹೆಂಗಸು. ಅಂಥವರ ಮೇಲೆ ಆ ವರ್ಷ, ತಿರುಗಾಟವೆಂದರೆ ಪ್ರಾಣ ಬಿಡುವ ಬೀಗರಿಗೆ ದೀಪಾವಳಿ ಉಡುಗೊರೆ ಆರಿಸುವ ಕೆಲಸ ಬಿತ್ತು.

ಮಗಳು ಅರುಣಾಳನ್ನು ಕೊಟ್ಟದ್ದು ಅತ್ತಿಗುಂಡಿಯ ಮೇಲಿನ ಒಂದು ಎಸ್ಟೇಟಿಗೆ. ಅಳಿಯ ಶಶಿಧರ್, ಅವನ ತಂದೆ ಗಂಗಾಧರಪ್ಪ, ತಾಯಿ ನಂಜಮ್ಮ, ಮೂವರಿಗೂ ಟೂರಿನ ಹುಚ್ಚು. ತೋಟದ ಕೆಲಸ ಸ್ವಲ್ಪ ತೆರಪು ಕೊಟ್ಟರೆ ಸಾಕು, ಕಡೂರಿಗೆ ಹೋಗಿ ರೈಲು ಹತ್ತುವರು. ಆದರೆ ಆ ಮನೆಗೆ ಬೀಗ ಹಾಕುವ ಪದ್ಧತಿ ಇರಲಿಲ್ಲ. ದೇವರ ದೀಪ ಎರಡು ಹೊತ್ತೂ ಉರಿಯಬೇಕು, ಮನೆಯ ಹೆಂಗಸೇ ಹಚ್ಚಬೇಕು. ಗಂಗಾಧರಪ್ಪನವರ ತಾಯಿ ಇರುವವರೆಗೂ ಆ ಮುದುಕಿ ಹಚ್ಚುತ್ತಿದ್ದರು. ಅವರು ತೀರಿಕೊಂಡ ವರ್ಷವೇ ಸೊಸೆಯನ್ನು ತಂದರು.

ಮದುವೆಯಾದ ಮೇಲೆ ಎರಡು ಸಲ ಅವರು ಹೊರಟರು. ಎರಡು ಸಲವೂ ಅರುಣಾ ಉಳಿದಳು. ಆಳುಗಳ ಲೈನ್ ಮನೆಗಳು ಗುಡ್ಡದ ಆಚೆ ಮಗ್ಗುಲಿಗೆ. ಸಂಜೆಯಾದರೆ ಕಣ್ಣಿಗೆ ಬೀಳುವ ಮನುಷ್ಯರಿಲ್ಲ. ಎರಡನೆಯ ಸಲ ಅವಳು ಫೋನು ಮಾಡಿದಾಗ ಅಳಲಿಲ್ಲ. "ಅಮ್ಮ, ಇವತ್ತು ಯಾರ ಹತ್ರಾನೂ ಮಾತಾಡಿಲ್ಲ. ನಿನ್ನೆನೂ ಇಲ್ಲ. ಇನ್ನೊಂದು ಸಲ ಹಿಂಗೆ ಬಿಟ್ಟು ಹೋದ್ರೆ ನನ್ ತಲೆ ನೆಟ್ಟಗಿರಲ್ಲ ಕಣಮ್ಮ" ಎಂದು, ಅಡುಗೆಯ ವಿಷಯ ಹೇಳಿದಷ್ಟು ಮೆಲ್ಲಗೆ ಹೇಳಿದಳು. ಆ ಮೆಲ್ಲಗಿನ ದನಿ ಸಾವಿತ್ರಮ್ಮನ ನಿದ್ದೆ ಕೆಡಿಸಿತು.

ದೀಪಾವಳಿ ಮುಗಿದ ಕೂಡಲೇ, ಕಾಫಿ ಹಣ್ಣಿನ ಕೊಯ್ಲಿಗೆ ಮೊದಲು, ರಾಜಸ್ಥಾನಕ್ಕೆ ಹೊರಡುವ ಮಾತು ನಡೆದಿತ್ತು.

"ಬಾಯಿಬಿಟ್ಟು ಕೇಳಬಾರ್ದಾ? ಅವಳನ್ನೂ ಕರ್ಕೊಂಡು ಹೋಗಿ ಅಂತ" ಎಂದರು ಗಂಡ ದೇವರಾಜ.

"ಹೆಣ್ಣು ಕೊಟ್ಟೋರು ಕೇಳೋದುಂಟಾ? ನಾಳೆ ಅವಳಿಗೇ ಮಾತು ಬರುತ್ತೆ."

ಬಾಯಿಯಲ್ಲಿ ಕೇಳಲಾಗದ್ದನ್ನು ಉಡುಗೊರೆಯಲ್ಲಿ ಕೇಳಬೇಕೆಂದು ಆಕೆ ಚಿಕ್ಕಮಗಳೂರಿಗೆ ಹೋದರು. ಬ್ಯಾಗಿನ ಅಂಗಡಿಯ ಶೇಷಪ್ಪ ಒಂದೊಂದಾಗಿ ಮುಂದಿಟ್ಟ. ಬಿಸಿನೀರಿನ ಫ್ಲಾಸ್ಕು. ಸಾವಿತ್ರಮ್ಮ ಮುಚ್ಚಳ ತಿರುಗಿಸಿ ನೋಡಿದರು. ಮೂವರೂ ಕುಡಿಯಬಹುದು, ಇನ್ನೊಬ್ಬಳ ನೆನಪಾಗಲಿಕ್ಕಿಲ್ಲ. ದುರ್ಬೀನು. ಅದರಲ್ಲಿ ದೂರದ್ದು ಕಾಣುತ್ತದೆ, ಮನೆಯಲ್ಲಿದ್ದವಳು ಕಾಣುವುದಿಲ್ಲ. ಕುತ್ತಿಗೆಗೆ ಸಿಕ್ಕಿಸುವ ಗಾಳಿದಿಂಬು.

"ಬಸ್ಸಲ್ಲಿ ಕೂತಲ್ಲೇ ನಿದ್ದೆ ಬರುತ್ತೆ ನೋಡಿ" ಎಂದ ಶೇಷಪ್ಪ.

"ಅವ್ರಿಗೆ ನಿದ್ದೆ ಚೆನ್ನಾಗೇ ಬರುತ್ತೆ ಮಾರಾಯ. ಬೇರೆ ತೋರ್ಸು."

ಕೊನೆಗೆ ಒಂದೇ ಬಣ್ಣದ, ಒಂದೇ ಅಳತೆಯ ಪ್ರಯಾಣದ ಬ್ಯಾಗುಗಳು ಕಣ್ಣಿಗೆ ಬಿದ್ದವು. ಕಡುಗೆಂಪು.

"ಎಷ್ಟು ಜನ ತಿರುಗೋರು?"

"ನಾಲ್ಕು" ಎಂದರು ಸಾವಿತ್ರಮ್ಮ.

ಹಬ್ಬದ ಊಟಕ್ಕೆ ಬಂದ ಬೀಗರ ಮುಂದೆ ನಾಲ್ಕು ಬ್ಯಾಗುಗಳನ್ನೂ ಕುಂಕುಮವಿಟ್ಟು ಸಾಲಾಗಿ ಜೋಡಿಸಿದರು. ಬೀಗರು ಬಹಳ ಮೆಚ್ಚಿದರು. ನಂಜಮ್ಮ ಜಿಪ್ಪು ಎಳೆದೆಳೆದು ನೋಡಿದರು. ಅರುಣಾ ಅಮ್ಮನ ಮುಖ ನೋಡಿ ತಲೆ ತಗ್ಗಿಸಿದಳು. ಅವಳಿಗೆ ಅರ್ಥವಾಗಿತ್ತು. ಅವರಿಗೂ ಆಗಿರಬೇಕು ಎಂದುಕೊಂಡರು ಸಾವಿತ್ರಮ್ಮ.

ಆದರೂ ಮನಸ್ಸು ತಡೆಯದೆ, ಬೀಗರು ಹೊರಡುವ ದಿನ ಸಾವಿತ್ರಮ್ಮ ಬಸ್ಸು ಬದಲಾಯಿಸಿ ಅತ್ತಿಗುಂಡಿಗೆ ಹೋದರು. ಅಂಗಳದಲ್ಲಿ ಜೀಪು ನಿಂತಿತ್ತು. ಹಿಂದೆ ನಾಲ್ಕೂ ಕೆಂಪು ಬ್ಯಾಗುಗಳು. ಅವರ ಜೀವ ಒಂದು ಗಳಿಗೆ ತಂಪಾಯಿತು. ಅಷ್ಟರಲ್ಲಿ ಅರುಣಾ ಹಳೆಯ ಸೀರೆಯಲ್ಲೇ ಬಾಗಿಲಿಗೆ ಬಂದಳು.

"ಬನ್ನಿ ಸಾವಿತ್ರಮ್ಮನವ್ರೆ, ನಿಮ್ಮನ್ನೇ ನೆನೆಸ್ಕೊಳ್ತಿದ್ದೆ" ಎಂದರು ನಂಜಮ್ಮ. "ಚಕ್ಲಿ, ಅವಲಕ್ಕಿ, ಉಪ್ಪಿನಕಾಯಿ ಎಲ್ಲ ಒಂದರಲ್ಲೇ ಹಿಡೀತು. ತಿಂಡಿಗೆ ಅಂತ್ಲೇ ಒಂದು ಬ್ಯಾಗು ಜಾಸ್ತಿ ಕೊಟ್ರಲ್ಲ, ಎಷ್ಟು ಮುಂದಾಲೋಚನೆ ನಿಮ್ದು."

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

"ಅದು ಅರುಣಂಗೆ ಅಂತ ತಂದಿದ್ದು" ಎಂದರು ಸಾವಿತ್ರಮ್ಮ. "ಅವಳನ್ನೂ ಕರ್ಕೊಂಡು ಹೋಗಿ. ಕೈ ಮುಗೀತೀನಿ."

ಶಶಿಧರ್ ಬ್ಯಾಗುಗಳಿಗೆ ಹಗ್ಗ ಬಿಗಿಯುತ್ತಿದ್ದ. ತಲೆಯೆತ್ತಲಿಲ್ಲ.

"ದೀಪ?" ಎಂದರು ಗಂಗಾಧರಪ್ಪ.

"ನಾನು ಇರ್ತೀನಿ. ನಾನು ಹಚ್ತೀನಿ."

"ಎಂತ ಮಾತಾಡ್ತೀರಿ? ಬೀಗಿತ್ತಿ ಕೈಲಿ ನಮ್ಮನೆ ದೇವರ ದೀಪ ಹಚ್ಚಿಸೋದಾ?" ನಂಜಮ್ಮ ನಕ್ಕುಬಿಟ್ಟರು. "ಅವಳಿಗೇನು ವಯಸ್ಸಾಯ್ತಾ? ಇವತ್ತಲ್ಲ ನಾಳೆ ಅವಳಿಗೂ ಸೊಸೆ ಬಂದ ಮೇಲೆ ಅವಳೂ ತಿರುಗ್ತಾಳೆ. ನಮ್ಮತ್ತೆಗೆ ಕಾಲು ಸೋತು ಮನೇಲಿ ಕೂರೋ ತನಕ ನಾನೂ ಹಂಗೇ ಕಾದವಳಲ್ವಾ?"

ರೈಲಿಗೆ ಹೊತ್ತಾಯಿತೆಂದು ಗಂಗಾಧರಪ್ಪ ಅವಸರ ಮಾಡಿದರು. ಜೀಪು ಇಳಿಜಾರಿನ ತಿರುವಿನಲ್ಲಿ ಮರೆಯಾಯಿತು. ಅದರ ಸದ್ದು ತೋಟದ ಸಿಲ್ವರ್ ಮರಗಳ ನಡುವೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅದೂ ಇರಲಿಲ್ಲ.

"ನಡಿ, ಎರಡು ಸೀರೆ ತಗೋ. ಊರಿಗೆ ಹೋಗಣ."

"ದೀಪ ಯಾರು ಹಚ್ತಾರೆ?"

"ಆರ್‌ಲಿ."

"ದಾರೀಲಿ ಅವ್ರಿಗೆ ಏನಾದ್ರೂ ಆದ್ರೆ? ನಾನು ದೀಪ ಆರಿಸಿದ್ದಕ್ಕೇ ಆಯ್ತು ಅಂತಾರೆ." ಅರುಣಾ ಗೋಡೆಗೆ ಒರಗಿದಳು. "ಯಾರೂ ಅನ್ನದಿದ್ರೂ ನಂಗೇ ಹಂಗನ್ಸುತ್ತೆ, ಅಮ್ಮ."

ಮಗಳನ್ನು ಹೊತ್ತುಕೊಂಡು ಹೋಗುವಂತಿಲ್ಲ. ಬಿಟ್ಟು ಹೋಗುವಂತೆಯೂ ಇಲ್ಲ. ಮಗಳಿಗೆ ಮಗುವಾಗುವ ತನಕ ತಾಯಿ ಬೀಗರ ಮನೆಯಲ್ಲಿ ಅನ್ನ ಮುಟ್ಟಬಾರದು, ರಾತ್ರಿ ತಂಗಬಾರದು. ಸಾವಿತ್ರಮ್ಮನ ತಾಯಿ ಹಾಗೇ ನಡೆದುಕೊಂಡಿದ್ದರು. ಅವರೂ ಇಲ್ಲಿಯ ತನಕ ಕಾಫಿಯ ಹೊರತು ಏನನ್ನೂ ಬಾಯಿಗಿಟ್ಟಿರಲಿಲ್ಲ.

ಕೆಳಗಿನ ರಸ್ತೆಯಲ್ಲಿ ಕೊನೆಯ ಬಸ್ಸಿನ ಹಾರನ್ನು ಕೇಳಿತು.

"ಅಮ್ಮ, ಬಸ್ಸು."

"ಕೇಳ್ತು" ಎಂದರು ಸಾವಿತ್ರಮ್ಮ. ಚಪ್ಪಲಿ ಬಿಟ್ಟು ಒಳಗೆ ಬಂದರು. "ಅವ್ರು ಬರೋ ತನಕ ಇಲ್ಲೇ ಇರ್ತೀನಿ."

"ಬೈತಾರೆ."

"ಬೈಲಿ."

ಅರುಣಾ ದೀಪ ಹಚ್ಚಿ ಅಡುಗೆಮನೆಗೆ ಹೋದಳು. ಬಹಳ ಹೊತ್ತು ಪಾತ್ರೆಯ ಸದ್ದೇ ಇಲ್ಲ. ಸಾವಿತ್ರಮ್ಮ ಎದ್ದು ಹೋಗಿ ನೋಡಿದರೆ, ಅವಳು ಅಕ್ಕಿಯ ಡಬ್ಬಿಯಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದಳು.

"ಇಬ್ರಿಗೆ ಎಷ್ಟು ಹಾಕ್ಲಮ್ಮ?"

ಸಾವಿತ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಒಂದೂವರೆ ಪಾವು ಹಾಕು" ಎಂದರು.