ಐದನೆಯ ಗೆರೆ

ನಮ್ಮಪ್ಪ ಒಂದೇ ತೊಟ್ಟಿಯಲ್ಲಿ ಐದು ಕರುಗಳನ್ನು ಮೇಯಿಸಿದವನು. ಹೊಟ್ಟೆಬಾಕ ಕರುವಿನ ಕಿವಿ ಹಿಡಿದೆಳೆದು ಬಡಕಲು ಕರುವಿಗೆ ದಾರಿ ಬಿಡಿಸಿದವನು. ನನ್ನ ತಂಗಿ ಐವರು ಮಕ್ಕಳನ್ನು ಹಾಗೆಯೇ ಸಾಕಿದಳು. ಅವಳ ಹಿರಿಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಐದು ರೋಗಾಣುಗಳ ಜೀನುಗಳನ್ನು ಒಂದೇ ನಳಿಗೆಯಲ್ಲಿ ಲಕ್ಷಪಟ್ಟು ಬೆಳೆಸಿ ಪತ್ತೆಹಚ್ಚುವವಳು.

ಅಂದು ಹಸುಗೂಸೊಂದರ ಮಾದರಿ ಬಂದಿತ್ತು. ಇದ್ದದ್ದು ಒಂದೇ ಹನಿ, ಎರಡನೆಯ ನಳಿಗೆಗೆ ಸಾಲದು. ಅದನ್ನು ಮುಟ್ಟುವ ಮೊದಲು, ಐದೂ ಜೀನುಗಳಿವೆಯೆಂದು ಗೊತ್ತಿದ್ದ ಪರೀಕ್ಷಾ ದ್ರವದಲ್ಲಿ ನೋಡಿದರೆ, ಜೀನಿಗೊಂದರಂತೆ ಐದು ಮೂಡಬೇಕಾದಲ್ಲಿ ನಾಲ್ಕೇ ಗೆರೆ ಮೂಡಿದವು.

"ಐದನೇದು ಬಿಟ್ಬಿಡಮ್ಮ. ಇಲ್ಲಾ ದೊಡ್ಡ ಲ್ಯಾಬಿಗೆ ಕಳಿಸ್ತೀನಿ, ಎರಡು ದಿನ ಆಗುತ್ತೆ," ಎಂದರು ಕಿಟಕಿಗೆ ಬೆನ್ನು ಮಾಡಿ ನಿಂತ ಡಾಕ್ಟರು.

ಅವಳು ಮೊದಲ ಜೀನನ್ನು ಬೆಳೆಸಲು ಹಾಕುವ ಪ್ರೈಮರನ್ನು ಅರ್ಧಕ್ಕಿಳಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಕೂಸು ಎರಡು ದಿನ ಕಾಯಲ್ಲ ಸಾರ್. ಈ ಮೊದಲನೇದು ಹೊಟ್ಟೆಬಾಕ, ಎಲ್ಲಾ ನುಂಗ್ತಿದೆ. ಇಂಥದ್ರ ಕಿವಿ ಹಿಡಿಯೋದು ನಮ್ಮನೆ ಕಸುಬು. ನಿಮ್ಮ ದೊಡ್ಡ ಲ್ಯಾಬು ಬೇಡ, ಬೆಳಕಿಗೆ ಅಡ್ಡ ನಿಲ್ಲದಿದ್ರೆ ಸಾಕು."